ನೇವಿ ಅಜ್ಜನ ಬದುಕು ಬರೆಯುವ ತಂಗಿಗೆ

ದಾವಣಗೆರೆ

ಪ್ರೀತಿಯ ತಂಗೀ,

ತೀರಿಕೊಂಡ ಜಗಳೂರಿನ ನೇವಿ ಅಜ್ಜನ ಬಗ್ಗೆ ನೀನು ಬರೆದದ್ದು ಓದಿದೆ. 1971ರ ಯುದ್ಧ ಜಾಸ್ತಿಯಾಯ್ತು, ಅಜ್ಜನ ಕೆಲಸ ಕಾಣಲೇ ಇಲ್ಲ.

ಮೊದಲು ಮನೆಯವರಿಂದ ಟ್ರಂಕು ತೆಗೆಸು. ಸೇವೆ ಮುಗಿದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಪದಕಗಳು ಸಿಗಬೇಕು. ಪುಸ್ತಕ ಕಳೆದಿದ್ದರೆ, ನಾವಿಕರ ಸೇವಾ ದಾಖಲೆ ಇಡುವ ಮುಂಬೈ ಮಾನ್‌ಖುರ್ದಿನ ಬ್ಯೂರೋ ಆಫ್ ಸೈಲರ್ಸ್‌ಗೆ ಅರ್ಜಿ ಹಾಕಿಸು. ನಿನ್ನ ಹೆಸರಲ್ಲಿ ಬೇಡ, ಖಾಸಗಿ ಮಾಹಿತಿ ಅಂತ ತಳ್ಳಿಹಾಕಬಹುದು. ಅಜ್ಜಿಯ ಸಹಿ, ಸೇವಾ ಸಂಖ್ಯೆ, ಮರಣ ಪ್ರಮಾಣಪತ್ರದ ನಕಲು ಇರಲಿ. ಹಳೇ ಕಾಗದದಲ್ಲಿ 'ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ' ಅಂತಿದ್ದರೆ ತಪ್ಪಲ್ಲ. ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ.

ಪೆಟ್ಟಿ ಆಫೀಸರ್ ಅಂತ ಕಂಡಕೂಡಲೇ 'ನೌಕಾಪಡೆಯ ಅಧಿಕಾರಿ' ಅಂದುಬಿಟ್ಟಿದ್ದೀಯ. ಅದು ನಾವಿಕರ ಹುದ್ದೆ, ಭೂಸೇನೆಯ ಹವಾಲ್ದಾರ್‌ಗೆ ಸಮ. ಮಾಜಿ ಸೈನಿಕರು ಅಷ್ಟಕ್ಕೇ ಪುಟ ಮಡಚಿಡುತ್ತಾರೆ.

'ಕರಾಚಿ ಸುಟ್ಟವರಲ್ಲಿ ನಮ್ಮಜ್ಜನೂ ಇದ್ರು' ಅಂತ ಮನೆಯವರು ಹೇಳಿದ್ದನ್ನು ಹಾಗೇ ಇಳಿಸಿದ್ದೀಯ. ಪಕ್ಕದ ಪುಟದಲ್ಲೇ ಅವರು ವಿಮಾನವಾಹಕ ಹಡಗು ವಿಕ್ರಾಂತ್‌ನಲ್ಲಿದ್ದರು ಅಂತಿದೆ! 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೊಡೆದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು. ವಿಕ್ರಾಂತ್ ಇದ್ದದ್ದು ಬಂಗಾಳ ಕೊಲ್ಲಿಯಲ್ಲಿ. ಅದರ ವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಪದಕ ನೋಡಿದರೆ ತೀರ್ಮಾನವಾಗುತ್ತದೆ: ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಅಂಚಿನಲ್ಲೋ ಹಿಂಬದಿಯಲ್ಲೋ ಹೆಸರು, ಸಂಖ್ಯೆ ಕೊರೆದಿರುತ್ತದೆ. ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜಲು ಬಿಡಬೇಡ, ಅಕ್ಷರ ಸವೆದುಹೋದಾವು.

ಅಜ್ಜ ಸ್ಟೋಕರ್, ಅಂದರೆ ಬಾಯ್ಲರ್ ಉರಿ ನೋಡಿಕೊಳ್ಳುವ ನಾವಿಕ, ಆಗಿದ್ದರು ಅಂತೀಯ, ಬಾಯ್ಲರ್ ಕೋಣೆಗೆ ಬರೀ ಎರಡು ಸಾಲು. ಅದರಲ್ಲೂ ಸಲಿಕೆಯಲ್ಲಿ ಕಲ್ಲಿದ್ದಲು! ವಿಕ್ರಾಂತ್ ಓಡುತ್ತಿದ್ದದ್ದು ಎಣ್ಣೆ ಉರಿಸಿ ಮಾಡಿದ ಆವಿಯಲ್ಲಿ. ಯುದ್ಧದ ಹೊತ್ತಿಗೆ ಒಂದು ಬಾಯ್ಲರ್ ಬಿರುಕು ಬಿಟ್ಟು ಹಡಗಿನ ವೇಗ ತಗ್ಗಿತ್ತು. ವಿಮಾನ ಏರಿಸಬೇಕಾದರೆ ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಬೇಕು, ಡೆಕ್ ಮೇಲೆ ಆಗ ಬೀಸುವ ಗಾಳಿ ರೆಕ್ಕೆಗಳನ್ನು ಎತ್ತಿಕೊಡುತ್ತದೆ. ವೇಗ ಕಡಿಮೆಯಾದರೆ ಆ ಗಾಳಿಯೂ ಕಡಿಮೆ. ಹಾಗಾಗಿ ಕೆಳಗೆ, ಆ ಸೆಕೆಯಲ್ಲಿ, ಆವಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯದಂತೆ ಕಾದವರಿಂದಲೇ ಮೇಲೆ ಸೀ ಹಾಕ್ ಯುದ್ಧವಿಮಾನಗಳು ಹಾರಿದ್ದು. ಈ ಅಜ್ಜನನ್ನು ಅಲ್ಲಿ ನಿಲ್ಲಿಸಿ ಬರೆ. ನಿವೃತ್ತಿಯ ನಂತರದ ಸನ್ಮಾನ, ಹಾರ, ಶಾಲು ಎಲ್ಲ ಒಂದು ಪ್ಯಾರಾದಲ್ಲಿ ಮುಗಿಯಲಿ.

ತಿದ್ದಿದ ಪ್ರತಿಯನ್ನು ಅಜ್ಜಿಗೆ ಓದಿ ಹೇಳು. ನನಗೆ ಕಳಿಸುವಾಗ ಡಿಸ್ಚಾರ್ಜ್ ಪುಸ್ತಕದ ಜೆರಾಕ್ಸೂ ಜೊತೆಗಿರಲಿ.

ಇಂತಿ,
ನಿನ್ನ ಅಣ್ಣ