ಗುಂಪಿನ ಎಲ್ಲರಿಗೂ: ಅಮೆರಿಕದ ಜಗಳ, ಬಡವರ ಊಟ

ಗೆಳೆಯರೇ, ರಿಪಬ್ಲಿಕನ್, ಡೆಮಾಕ್ರಟಿಕ್ ಇವೆರಡರಲ್ಲಿ ಯಾವ ಪಕ್ಷ ಸರಿ ಅಂತ ನಿನ್ನೆಯಿಂದ ಇಲ್ಲಿ ವಾದ ನಡೆಯುತ್ತಿದೆ. ನನಗೆ ನಿಜಕ್ಕೂ ಬೇಜಾರಾಗಿದೆ. 2025ರ ಅಕ್ಟೋಬರ್ 1ರಿಂದ 43 ದಿನ, ಖರ್ಚಿನ ಮಸೂದೆ ಪಾಸಾಗದೆ, ಇಲ್ಲಿನ ಕೇಂದ್ರ ಸರ್ಕಾರ ಬಾಗಿಲು ಹಾಕಿತ್ತಲ್ಲ, ಆಗ ಸುಮಾರು 4.2 ಕೋಟಿ ಜನ ದಿನಸಿಗೆ ನಂಬಿಕೊಂಡಿರುವ ಸ್ನ್ಯಾಪ್ ಎಂಬ ಸರ್ಕಾರಿ ಆಹಾರ ನೆರವು ನವೆಂಬರ್ ಶುರುವಾಗುತ್ತಿದ್ದಂತೆ ತಡೆದು ನಿಂತಿತು. ಆ ವಾರ ನಾನು ಊಟದ ಸಾಮಾನು ಹಂಚುವ ಕಡೆ ಕೆಲಸಕ್ಕೆ ಹೋಗಿದ್ದೆ. ಒಬ್ಬರು ಅಜ್ಜಿ ಎರಡು ಬೀನ್ಸ್ ಡಬ್ಬಿ ತೆಗೆದುಕೊಂಡು, ಹಿಂದೆ ತಿರುಗಿ ಸಾಲು ನೋಡಿ, ಒಂದನ್ನು ವಾಪಸ್ ಇಟ್ಟರು. ಏನೂ ಮಾತಾಡಲಿಲ್ಲ. ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದರು, ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರಿಗೆ ಮಾತ್ರ ಕಾನೂನಿನ ಪ್ರಕಾರ ಸಂಬಳ ನಿಲ್ಲುವುದಿಲ್ಲ. ಇದು ಯಾವ ನ್ಯಾಯ? ಪಕ್ಷಗಳ ಜಗಳ ಶುರುವಾಗಿದ್ದೇ ಆರೋಗ್ಯ ವಿಮೆಯ ಸಹಾಯಧನಕ್ಕೆ, ಬಾಗಿಲು ತೆರೆದಾಗಲೂ ಅದು ಇತ್ಯರ್ಥವಾಗಲಿಲ್ಲ. ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಒಂದು ಸೆಂಟ್ ಕೂಡ ಜಾಸ್ತಿಯಾಗಿಲ್ಲ, ಎರಡೂ ಪಕ್ಷ ಅಧಿಕಾರ ನೋಡಿವೆ ಅಲ್ವಾ?

ದಯವಿಟ್ಟು ಪಕ್ಷದ ಮೀಮ್‌ಗಳನ್ನು ಇಲ್ಲಿ ಹಾಕಬೇಡಿ. ಶನಿವಾರ ಬೆಳಿಗ್ಗೆ ಅಕ್ಕಿ, ಬೇಳೆ, ಮಕ್ಕಳ ಡೈಪರ್ ಒಟ್ಟು ಮಾಡುತ್ತಿದ್ದೇವೆ. ಕಾರು ತರುವವರು ಕೆಳಗೆ ಹೆಸರು ಬರೆಯಿರಿ.