ಅಂಗಡಿಯ ರೂಟರ್ ಕಡೆಗೂ ಗಮನವಿರಲಿ

ಮಾನ್ಯರೇ,

ದಾವಣಗೆರೆಯ ಬಟ್ಟೆ ಅಂಗಡಿ, ಅಕ್ಕಿ ಗಿರಣಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು 14 ವರ್ಷಗಳಿಂದ ನನ್ನ ಕಸುಬು. ಹೋದಲ್ಲೆಲ್ಲ ಮೊದಲು ನೋಡುವುದು ಇಂಟರ್ನೆಟ್ ಹಂಚುವ ಪೆಟ್ಟಿಗೆ, ಅಂದರೆ ರೂಟರನ್ನು. ಎಷ್ಟೋ ಕಡೆ ಅದರ ಪಾಸ್‌ವರ್ಡ್ ಇಂದಿಗೂ ಯಾರಾದರೂ ಊಹಿಸಬಹುದಾದ 'ಅಡ್ಮಿನ್'. ಗಿರಾಕಿಗಳಿಗೆ ಕೊಡುವ ವೈಫೈನಲ್ಲೇ ಬಿಲ್ಲಿಂಗ್ ಕಂಪ್ಯೂಟರ್, ಅದರಲ್ಲೇ ಸಿಸಿಟಿವಿ. ಹೀಗಿದ್ದರೆ ಹೊರಗಿನವರು ಇವುಗಳಿಗೆ ಕೈಹಾಕುವುದು ಸುಲಭ.

ಕಳೆದ ದೀಪಾವಳಿಗೆ ಮುಂಚೆ ಒಂದು ಅಂಗಡಿಯ ಲೆಕ್ಕದ ಕಡತಗಳೆಲ್ಲ ರಾನ್ಸಮ್‌ವೇರ್‌ಗೆ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಕ್ಕೆ) ಸಿಕ್ಕಿ ತೆರೆಯದಾದವು. ಬ್ಯಾಕಪ್, ಅಂದರೆ ಕಡತಗಳ ನಕಲು ಇತ್ತು, ಆದರೆ ಹಗಲೂ ರಾತ್ರಿ ಅದೇ ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಡಿಸ್ಕಿನಲ್ಲಿ. ಅದೂ ಹೋಯಿತು. ಜಿಎಸ್‌ಟಿ ಲೆಕ್ಕಕ್ಕಾಗಿ ಮಾಲೀಕರು ಮೂರು ವಾರ ಹಳೇ ಬಿಲ್ಲುಗಳನ್ನು ಹರಡಿಕೊಂಡು ಕೂತಿದ್ದನ್ನು ಕಂಡು ಕರುಳು ಚುರುಕ್ ಎಂದಿತು.

ಗಿರಾಕಿಗಳಿಗೆ ಪ್ರತ್ಯೇಕ ಗೆಸ್ಟ್ ವೈಫೈ ಮಾಡಲು ಹತ್ತು ನಿಮಿಷ ಸಾಕು. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಳಚಿ ಬೀರುವಿನಲ್ಲಿಡಬೇಕು. ವರ್ತಕರ ಸಂಘಗಳು ಈ ಬಗ್ಗೆ ತರಬೇತಿ ಏರ್ಪಡಿಸಲಿ. ಕರೆದರೆ ನಾನೇ ಬಂದು ಉಚಿತವಾಗಿ ಕಲಿಸುತ್ತೇನೆ.

– ಒಬ್ಬ ನೆಟ್‌ವರ್ಕ್ ತಂತ್ರಜ್ಞ, ದಾವಣಗೆರೆ