ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟವರ ಗಮನಕ್ಕೆ: ಟಿಕೆಟ್ ಮೇಲಿನ ಟೈಮ್

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಮಕ್ಕಳನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿರುವ ನಮ್ಮ ಹಿರಿಯರು ಇದನ್ನು ದಯವಿಟ್ಟು ಪೂರ್ತಿ ಓದಿ.

ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 14,000 ಕಿ.ಮೀ. ಎಲ್ಲೂ ನಿಲ್ಲದೆ ಹಾರಿದರೂ 16 ಗಂಟೆ ಹತ್ತಿರ ಬೇಕು. ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿದರೆ 20 ಗಂಟೆ ದಾಟುತ್ತದೆ.

ಟಿಕೆಟ್‌ನಲ್ಲಿ ಹೊರಡುವ ಟೈಮ್ ಇಲ್ಲಿಯದು, ಇಳಿಯುವ ಟೈಮ್ ಅಲ್ಲಿಯದು. ಜೂನ್‌ನಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಶುಕ್ರವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಇನ್ನೂ ಶುಕ್ರವಾರ ಸಂಜೆ 5.30. ನಮ್ಮಲ್ಲಿ ಆಗಲೇ ಶನಿವಾರ ಬೆಳಿಗ್ಗೆ 6! ಸುಮ್ನೆ ಟಿಕೆಟ್ ನೋಡಿ ಮೂರೂವರೆ ಗಂಟೆ ಪ್ರಯಾಣ ಅಂದುಕೊಳ್ಳಬೇಡಿ. ಶುಗರ್, ಬಿಪಿ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಸೂಟ್‌ಕೇಸ್‌ನಲ್ಲಿ ಬೇಡ.

ಇನ್ನೊಂದು ಮುಖ್ಯ ವಿಷಯ. ಟಿಕೆಟ್‌ನಲ್ಲಿ ಶನಿವಾರ 01.30 ಅಂತ ಇದ್ದರೆ ಮನೆ ಬಿಡಬೇಕಾದ್ದು ಶುಕ್ರವಾರ ರಾತ್ರಿ. ಮೂರು ಗಂಟೆ ಮುಂಚೆ ದೇವನಹಳ್ಳಿಯಲ್ಲಿರಬೇಕು, ಹೆಬ್ಬಾಳದ ಟ್ರಾಫಿಕ್ ಗೊತ್ತಲ್ವಾ? ಜಯನಗರದಿಂದ ಹೊರಡುವವರು ಎಂಟೂವರೆಗೇ ಗಾಡಿ ಹತ್ತಿ.

ಹೊರಡುವ ದಿನ, ವಿಮಾನದ ನಂಬರ್, ಎಲ್ಲಿ ಬದಲಿಸುತ್ತೀರಿ ಎಂಬುದನ್ನು ಭಾನುವಾರದೊಳಗೆ ಇಲ್ಲೇ ತಿಳಿಸಿ. ಒಂದೇ ದಿನ ಹೋಗುವವರನ್ನು ಒಂದೇ ಕ್ಯಾಬ್‌ನಲ್ಲಿ ಸೇರಿಸೋಣ. ಟಿಕೆಟ್, ಪಾಸ್‌ಪೋರ್ಟ್ ಫೋಟೋಗಳನ್ನು ಮಾತ್ರ ಗುಂಪಿಗೆ ಹಾಕಬೇಡಿ. ವೀಲ್‌ಚೇರ್ ಬೇಕಾದವರು ಅದನ್ನೂ ಬರೆಯಿರಿ, ಸಂಕೋಚ ಬೇಡ.